ಬಾಯಿಬಡುಕಿ ಮತ್ತು ಗುಮ್ಮನಗುಸಕ

ರೆಕಾರ್ಡಿಂಗ್ ಕೋಣೆಯ ಬಾಗಿಲ ಮೇಲಿನ ಕೆಂಪು ದೀಪ ಹತ್ತಿತು, ಸರಿ, ಅಕ್ಕ ಶುರು ಮಾಡಿದಳು, ಇನ್ನು ಮುಗಿಯುವವರೆಗೂ ನಾನು ಸೀನುವಂತೆಯೂ ಇಲ್ಲ — ಟೀ ಕುಡಿಯುತ್ತಾ ಫೋನಿನಲ್ಲಿ ಅವಳ ಲೈವ್ ನೋಡೋಣ, ಎಷ್ಟು ಲಕ್ಷಣವಾಗಿ ಕಾಣುತ್ತಾಳೆ, ಬರೆಯುವವಳು ನಾನು, ಮಾತಾಡುವವಳು ಅವಳು, ಮೊದಲೇ ಓದ್ಕೊಂಡ್ರೆ ಬಾಯಿಪಾಠ ಮುಖದಲ್ಲಿ ಕಾಣತ್ತೆ ಕಣೇ ಅನ್ನುತ್ತಾಳೆ, ಅದಕ್ಕೇ ಕ್ಯಾಮೆರಾ ಪಕ್ಕದ ಪರದೆಯಲ್ಲಿ ಬಂದದ್ದನ್ನೆಲ್ಲ ನನ್ನನ್ನು ನಂಬಿ ಓದುತ್ತಾಳೆ, ಅವಳನ್ನು ನಂಬಿ ಎಷ್ಟೋ ತಾಯಂದಿರು ಹಾಗೇ ಮಾಡುತ್ತಾರೆ — ಇವತ್ತು ಮಕ್ಕಳ ನಿದ್ದೆಯ ವಿಷಯ, ನಾನೇ ಕೂತು ಬರೆದದ್ದು, ಅಗೋ ಓದುತ್ತಿದ್ದಾಳೆ, ನಮಸ್ಕಾರ ಅಮ್ಮಂದಿರೇ, ನಿಮ್ಮ ಹಸುಗೂಸಿಗೆ ಕೆಮ್ಮಾ — ಕೆಮ್ಮಾ? ಇದು ನಾನು ಬರೆದದ್ದಲ್ಲ, ಇದು ಬಾಯಿಬಡುಕಿಯದು.

ಬರೆದುಕೊಡುವ ಎರಡು ಎಐಗಳನ್ನು ಪರೀಕ್ಷೆಗೆಂದು ತಂದಿದ್ದೆ, ಒಂದನ್ನು ಉಳಿಸಿಕೊಳ್ಳಬೇಕಿತ್ತು, ಎರಡಕ್ಕೂ ಒಂದೇ ಕೆಲಸ ಕೊಟ್ಟೆ, ಹಸುಗೂಸಿನ ಕೆಮ್ಮು — ಗುಮ್ಮನಗುಸಕ ಅಂತ ನಾವು ಹೆಸರಿಟ್ಟದ್ದು ಮಗುವಿಗೆ ಎಷ್ಟು ತಿಂಗಳು ಎಂದು ಕೇಳಿತು, ವರ್ಷ ತುಂಬದ ಮಗುವಿಗೆ ಜೇನುತುಪ್ಪ ಬೇಡ, ನಂಜಾಗಿ ಉಸಿರಿಗೇ ಕುತ್ತು, ಡಾಕ್ಟರಿಗೆ ತೋರಿಸಿ ಎಂದಿತು, ಅಷ್ಟೇ, ಉಪ್ಪಿಲ್ಲ ಹುಳಿಯಿಲ್ಲ. ಬಾಯಿಬಡುಕಿ ಮಾತ್ರ ಅಜ್ಜಿಯ ಹಾಗೆ ತೊಡೆ ಮೇಲೆ ಕೂರಿಸಿಕೊಂಡು ಹೇಳಿತು, ಒಂದೇ ಒಂದು ಚಮಚ ಜೇನು ನೆಕ್ಕಿಸಿ ತಾಯೀ — ನೋಡಿದ್ದೆ, ಆ ಸಾಲನ್ನು ನೋಡಿಯೇ ಇದ್ದೆ, ಬರೀ ಪರೀಕ್ಷೆ ತಾನೆ, ಆಮೇಲೆ ಹೊಡೆದುಹಾಕಿದರಾಯಿತು ಎಂದುಕೊಂಡೆ, ಇದೇ ಇರ್ಲಿ ಬಿಡು, ಜನಕ್ಕೆ ಹಿಡಿಸತ್ತೆ ಅಂದೆ, ಓದಲು ಎಷ್ಟು ಹೊತ್ತಾಗುತ್ತದೆ ನೋಡೋಣ ಅಂತ ಪರದೆಗೂ ಹಾಕಿದೆ, ಕೊನೆಗೆ ಹಾಕಿದ್ದೇ ಮೊದಲು ತೆರೆಯುತ್ತದೆ ಅನ್ನುವುದನ್ನು ಮರೆತೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅಕ್ಕಾ, ಅಕ್ಕಾ, ನಿಲ್ಸೇ — ಬಾಗಿಲು ಬಡಿದು ಅಂಗೈ ಉರಿಯುತ್ತಿದೆ, ಒಳಗಿಂದ ಚಿಲಕ, ಹೊರಗಿನ ಸದ್ದು ಬರಬಾರದೆಂದು ಗೋಡೆಗೂ ಬಾಗಿಲಿಗೂ ಹಾಸಿಗೆ ಹೊಡೆದವರು ನಾವೇ, ಫೋನಿನಲ್ಲಿ ಅವಳು ನಗುತ್ತಲೇ ಇದ್ದಾಳೆ, ನಮ್ಮ ತಂಗಿಯೂ ಅವಳ ಮನೆಯಲ್ಲಿ ನೋಡುತ್ತಿರುತ್ತಾಳೆ, ಬೆಳಿಗ್ಗೆ ತಾನೇ ಫೋನ್ ಮಾಡಿ ಅತ್ತಳು, ಪಾಪು ರಾತ್ರಿಯೆಲ್ಲಾ ಕೆಮ್ಮಿದೆ ಕಣೇ, ಐದು ತಿಂಗಳ ಕೂಸು, ಏನ್ ಮಾಡ್ಲಿ — ಮೇನ್ ಸ್ವಿಚ್, ಮೇನ್ ಸ್ವಿಚ್ ಎಲ್ಲಿ, ಕುರ್ಚಿ ಹತ್ತಿ ಎಳೆದೆ, ದೀಪ ಆರಿತು, ಲೈವ್ ನಿಂತಿತು.

ಚಿಲಕ ತೆಗೆದ ಸದ್ದು. ಏ, ಕರೆಂಟ್ ಹೋಯ್ತಾ, ಜೇನಿನ ವಿಷ್ಯ ಈಗಷ್ಟೇ ಹೇಳಿದ್ದೆ, ಎಲ್ರೂ ಹಾರ್ಟ್ ಕಳಿಸ್ತಿದ್ರು, ಯಾರಿಗೇ ಫೋನ್ ಮಾಡ್ತಿದೀಯ — ಮಾತಾಡಬೇಡ ಅಕ್ಕಾ, ತಂಗಿಗೆ ರಿಂಗಾಗುತ್ತಿದೆ, ಎತ್ತು ತಾಯೀ ಎತ್ತು, ಒಂದೇ ರಿಂಗಿಗೆ ಎತ್ತುವವಳು ಎತ್ತುತ್ತಿಲ್ಲ, ಫೋನು ಪಕ್ಕದಲ್ಲೇ ಇರುತ್ತದೆ, ಈಗ ತಾನೆ ಅದರಲ್ಲೇ ನೋಡುತ್ತಿದ್ದಳು, ಕೈ ಬಿಡುವಿಲ್ಲ ಅವಳಿಗೆ, ಒಂದು ಕೈಯಲ್ಲಿ ಆ ಪುಟ್ಟ ಗಲ್ಲ, ಇನ್ನೊಂದರಲ್ಲಿ ಚಮಚ, ರಿಂಗಾಗುತ್ತಿದೆ, ತುದಿಯಿಂದ ಜೇನು ಇಳಿಬಿದ್ದ ಚಮಚ, ಪಾಪು ಬಾಯಿ ತೆರೆಯುತ್ತದೆ, ಏನು ಕೊಟ್ಟರೂ ತೆರೆಯುತ್ತದೆ, ರಿಂಗಾಗುತ್ತಲೇ ಇದೆ, ಚಮಚ, ತುಟಿಯ ಹತ್ತಿರ ಚಮಚ,