ಇಡ್ಲಿ ಹಿಟ್ಟಿನ ಪಾಠ

ಇಲ್ಲಿ ಅಮೆರಿಕದಲ್ಲಿ ನಮ್ಮ ಯಹೂದಿ ಶಾಲೆಗೆ ರಾಜ್ಯ ಸರ್ಕಾರ ಎರಡು ಕೆಲಸಕ್ಕೆ ದುಡ್ಡು ಕೊಡುತ್ತದೆ. ಒಂದು ಬಾಗಿಲಲ್ಲಿ ಭದ್ರತೆಗೆ, ಇನ್ನೊಂದು ಒಳಗೆ ವಿಜ್ಞಾನಕ್ಕೆ. ಬಾಗಿಲಲ್ಲಿರುವವನು ಕಾರ್ಲ್ಟನ್, ನಿವೃತ್ತ ಪೊಲೀಸ್. ಒಳಗಿರುವವಳು ನಾನು, ಮೈಸೂರಿನ ನಾಝಿಯಾ. ಬೆಳಿಗ್ಗೆ ಅವನು ನನ್ನ ಮಂಡಿನೋವು ವಿಚಾರಿಸುತ್ತಾನೆ, ನಾನು ಅವನ ಶುಗರ್ ವಿಚಾರಿಸುತ್ತೇನೆ. ಅಷ್ಟೇ ನಮ್ಮ ಸ್ನೇಹ, ಚೆನ್ನಾಗಿಯೇ ಇತ್ತು.

ಆ ದಿನ ನನ್ನ ಪಾಠ ನೋಡಲು ರಾಜ್ಯದ ಕಡೆಯಿಂದ ಒಬ್ಬ ಮೇಡಂ ಬರುವವರಿದ್ದರು. ಅವರಿಗೆ ಹಿಡಿಸದಿದ್ದರೆ ಮುಂದಿನ ವರ್ಷ ನನ್ನ ಹುದ್ದೆ ಇರುವುದಿಲ್ಲ ಎಂದು ಯಹೂದಿ ಧರ್ಮಗುರುವೂ ಆದ ಪ್ರಿನ್ಸಿಪಾಲ್ ರಬ್ಬಿ ವೈಂಟ್ರಾಬ್ ಮೊದಲೇ ಹೇಳಿದ್ದರು. ಸೂಕ್ಷ್ಮಜೀವಿಗಳು ಅನಿಲ ಬಿಡುವುದರ ಬಗ್ಗೆ ಪಾಠ. ಬೇರೆ ಶಾಲೆಗಳಲ್ಲಿ ಇದಕ್ಕೆ ಯೀಸ್ಟ್ ಸಾಕು. ನಮ್ಮ ಶಾಲೆಯಲ್ಲಿ ಯಹೂದಿಗಳ ಪಾಸೋವರ್ ಹಬ್ಬ ಹತ್ತಿರ ಬಂದಿತ್ತು. ಹಿಟ್ಟು ಉಬ್ಬಿಸಿ ಮಾಡಿದ್ದು ಯಾವುದೂ ಒಳಗಿರಕೂಡದೆಂದು ಬ್ರೆಡ್ಡಿನ ಚೂರನ್ನೂ ಬಿಡದೆ ಗುಡಿಸಿ ಒರೆಸಿದ್ದರು.

"ಹಾಗಾದ್ರೆ ಇಡ್ಲಿ ಹಿಟ್ಟು?" ಎಂದೆ.

ರಬ್ಬಿ ತಮಗಿಂತ ದೊಡ್ಡ ರಬ್ಬಿಗೆ ಫೋನ್ ಮಾಡಿದರು, ಅವರು ತಮಗಿಂತ ದೊಡ್ಡವರಿಗೆ ಮಾಡಿದರು, ಕೊನೆಗೆ ತೀರ್ಪು ಬಂತು. ಅಕ್ಕಿ, ಉದ್ದನ್ನು ಅವರು ಹಬ್ಬದಲ್ಲಿ ತಿನ್ನುವಂತಿಲ್ಲ. ನೋಡಬಹುದು.

ಹಿಟ್ಟು ರುಬ್ಬಿದವಳು ನಾನು. ಸ್ಟೀಲ್ ಡಬ್ಬಿಗೆ ಮುಚ್ಚಳ ಹಾಕಿ ಸುತ್ತಲೂ ಟೇಪ್ ಬಿಗಿದಿದ್ದು ನನ್ನ ಗಂಡ ವಕಾರ್.

"ಏನ್ರೀ ಇದು, ಹಿಟ್ಟು ಉಬ್ಬಲ್ವಾ?"

"ಜೆರಿಕೋಲಿರೋ ನಮ್ಮನೆಯಿಂದ ಸ್ಕೂಲ್‌ವರೆಗೆ ಡ್ರೈವ್ ಮಾಡೋಷ್ಟರಲ್ಲಿ ಏನಾಗುತ್ತೆ, ಸುಮ್ನಿರು. ಮೊನ್ನೆ ತಾನೆ ಸೀಟ್ ಕ್ಲೀನ್ ಮಾಡ್ಸಿದೀನಿ."

ಸೀಟಿನ ಮಾತು ನನಗೂ ಸರಿಯೆನ್ನಿಸಿತು. ಚಳಿಯಿತ್ತೆಂದು, ವಿಜ್ಞಾನ ಓದಿದ ನಾನು ದಾರಿಯುದ್ದಕ್ಕೂ ಹೀಟರನ್ನೂ ಹಾಕಿಕೊಂಡೆ.

ಶಾಲೆಯ ಬಾಗಿಲಲ್ಲಿ ಕಾರ್ಲ್ಟನ್ ನನ್ನ ಬ್ಯಾಗ್ ತೆರೆದ. ಟೇಪ್ ಸುತ್ತಿದ ಡಬ್ಬಿ, ಉಬ್ಬಿದ ಮುಚ್ಚಳ, ಒಳಗಿನಿಂದ ಸುಯ್ ಎಂಬ ಸದ್ದು. ಅಷ್ಟರಲ್ಲಿ ರಾಜ್ಯದ ಮೇಡಂ ನನ್ನ ಹಿಂದೆ ಬಂದು ನಿಂತರು.

"ಇದರಲ್ಲಿ ಏನಿದೆ, ಮ್ಯಾಮ್?" ಎಂದ.

ಮೇಡಂಗೂ ಕೇಳಿಸಲಿ ಎಂದು ಟೀಚರ್ ದನಿಯಲ್ಲಿ, "ಒಳಗೆ ಗ್ಯಾಸ್ ತುಂಬ್ತಾ ಇದೆ. ಇನ್ನು ಸ್ವಲ್ಪ ಹೊತ್ತಿಗೆ ನೀವೇ ನೋಡ್ತೀರಿ," ಎಂದೆ.

ನನ್ನ ಬಾಯಿಗಿಷ್ಟು ಮಣ್ಣು ಹಾಕ!

ಕಾರ್ಲ್ಟನ್ ಕೆಂಪು ಬಟನ್ ಒತ್ತಿದ. "ಕೈ ಮೇಲೆತ್ತಿ!" ಎಂದು ನನಗೆ ಕೂಗಿ ಹೇಳಿದ. ಎತ್ತಿದೆ. ನಮ್ಮ ಹಿಂದಿನ ಬಾಗಿಲು, ಮುಂದಿನ ಬಾಗಿಲು ಎರಡಕ್ಕೂ ಬೀಗ ಬಿತ್ತು. ಒಳಗೆ ಮಕ್ಕಳು ದೀಪ ಆರಿಸಿ ಮೇಜಿನಡಿ ಕುಳಿತರು. ಆಗ ಮುಚ್ಚಳ ಹಾರಿ ತಾರಸಿಗೆ ಬಡಿಯಿತು. ಕಾರ್ಲ್ಟನ್ನನ ಅಂಗಿ, ಮೇಡಂ ಕೋಟು, ನನ್ನ ದುಪಟ್ಟಾ, ಎಲ್ಲದರ ಮೇಲೂ ಹಿಟ್ಟು. ಯಾರಿಗೂ ಏಟಾಗಲಿಲ್ಲ. ಹುಳಿ ಚೆನ್ನಾಗಿ ಬಂದಿತ್ತು.

ಪೊಲೀಸರು ಬರುವವರೆಗೆ ಮೂವರೂ ಆ ಎರಡು ಬಾಗಿಲುಗಳ ನಡುವೆಯೇ ನಿಲ್ಲಬೇಕು, ಅದು ನಿಯಮ. ಕಾರ್ಲ್ಟನ್ ನನ್ನ ಮುಖ ನೋಡಲಿಲ್ಲ. ನನಗೆ ಸಿಟ್ಟು ಬೇಗ. ಕೆಲಸ ಹೋದರೂ ಹೋಗಲಿ ಎಂದು ಕೇಳಿಯೇಬಿಟ್ಟೆ.

"ಕಾರ್ಲ್ಟನ್, ಇದೇ ಡಬ್ಬೀನ ಲೈಬ್ರರಿಯ ಶೋಷನಾ ತಂದಿದ್ರೆ?" ಶೋಷನಾ ಯಹೂದಿ.

ಅವನು ಅಂಗಿಯ ಹಿಟ್ಟು ಒರೆಸುತ್ತ ಯೋಚಿಸಿದ. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ.

"ಬಟನ್ ಒತ್ತುತ್ತಿದ್ದೆ," ಎಂದ. "ಕೈ ಎತ್ತಿ ಅಂತಿರಲಿಲ್ಲ."

ಮೇಡಂ ಗೋಡೆ ನೋಡತೊಡಗಿದರು.

ಪೊಲೀಸರು ಬಂದು ಡಬ್ಬಿ ಮೂಸಿ ಹೋದರು. ಮೇಡಂ ಕೋಟು ಒರೆಸಿಕೊಂಡು ಪಾಠಕ್ಕೆ ಕುಳಿತರು. ತಳದಲ್ಲಿ ಉಳಿದಿದ್ದ ಹಿಟ್ಟಿನಲ್ಲೇ ಪಾಠ ಮಾಡಿದೆ. ಮಕ್ಕಳು ಅಷ್ಟು ಗಮನವಿಟ್ಟು ಎಂದೂ ಕೇಳಿರಲಿಲ್ಲ. ಭದ್ರತೆ ಬಹಳ ಚೆನ್ನಾಗಿದೆ, ವಿಜ್ಞಾನವೂ ಬಹಳ ಚೆನ್ನಾಗಿದೆ ಎಂದು ಮೇಡಂ ಹೇಳಿ ಹೋದರು. "ಮುಂದಿನ ವರ್ಷವೂ ನೀವೇ," ಎಂದರು ರಬ್ಬಿ. ಕೆಲಸ ಉಳಿಯಿತು. ಖುಷಿಯಾಗಬೇಕಿತ್ತು.

ಮರುದಿನ ಬೆಳಿಗ್ಗೆ ಬ್ಯಾಗನ್ನು ಕಾರ್ಲ್ಟನ್ ಮುಂದಿಟ್ಟೆ. ಅವನಿನ್ನೂ ಬಾಯಿ ತೆರೆದಿರಲಿಲ್ಲ. ನನ್ನ ಎರಡೂ ಕೈ ತಾವಾಗಿ ಮೇಲೆ ಹೋದವು.

"ಬೇಡ ಮ್ಯಾಮ್, ಪ್ಲೀಸ್," ಎಂದ. ಅವನ ಕಣ್ಣು ಕೆಂಪಾಗಿತ್ತು.

ಇಳಿಸಬೇಕೆಂದುಕೊಂಡೆ, ಆಗಲಿಲ್ಲ. ನನ್ನ ಹಿಂದೆ ಸಾಲಿನಲ್ಲಿದ್ದ ಮೂರನೇ ಕ್ಲಾಸಿನ ಹುಡುಗಿ, ಇದು ಹೊಸ ನಿಯಮವಿರಬೇಕೆಂದು, ತಾನೂ ಎರಡು ಕೈ ಎತ್ತಿದಳು. ಅವಳ ಹಿಂದಿದ್ದವರೂ ಎತ್ತಿದರು.