ಅವ್ವ ಅಂದರೆ ಯಾರು

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಆ ದಿನ ಬೆಳಿಗ್ಗೆ ನಾನು ಸಿಟ್ಟಾಗದೇ ಇದ್ದಿದ್ದರೆ ಆರು ವರ್ಷದ ಒಂದು ಹುಡುಗಿ ಮಧ್ಯಾಹ್ನ ಎರಡು ಗಂಟೆಗೆ ಕಾರು ಹತ್ತಿ, ಬೇಗಂಪೇಟೆಯಲ್ಲಿ ವಿಮಾನ ಹತ್ತಿ, ಡೆನ್ಮಾರ್ಕಿಗೆ ಹೋಗಿಬಿಡುತ್ತಿದ್ದಳು. ಆದರೆ ಅವಳ ತಾಯಿ ಬದುಕಿದ್ದಳು.

1993ರ ಏಪ್ರಿಲ್ ಅದು. ಸನತ್‌ನಗರದ ಕಾರ್ಖಾನೆಗಳ ಬೆನ್ನಿಗೆ ಇದ್ದ ಒಂದು ಅನಾಥಾಲಯದಲ್ಲಿ ನಾನು ಟೈಪಿಸ್ಟ್. ಹೆಸರು ಗೋದಾವರಿ, ವಯಸ್ಸು ಆಗ ಐವತ್ತೊಂದು. ಮಕ್ಕಳ ಬಗ್ಗೆ ತೆಲುಗಿನಲ್ಲಿ ಬರೆದಿಟ್ಟ ಟಿಪ್ಪಣಿಗಳನ್ನು ಇಂಗ್ಲಿಷಿಗೆ ತಿರುಗಿಸಿ ಟೈಪ್ ಮಾಡುವುದು ನನ್ನ ಕೆಲಸ. ಅದೇ ಕಾಗದ ಕೋರ್ಟಿಗೆ ಹೋಗುತ್ತಿತ್ತು, ವಿದೇಶಕ್ಕೂ ಹೋಗುತ್ತಿತ್ತು. ಹದಿನೆಂಟು ವರ್ಷ ಈ ಕೆಲಸ ಮಾಡಿದ್ದೆ, ಒಂದು ಅಕ್ಷರ ತಪ್ಪಿಲ್ಲ ಎಂಬ ಜಂಬ ಬೇರೆ. ದಿಲ್‌ಸುಖ್‌ನಗರದ ಮನೆಯಲ್ಲಿ ನಮ್ಮ ತಾಯಿ ತುಳಸಾಬಾಯಿಯ ಜೊತೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು. ಎರಡನ್ನೂ ಬೆರೆಸಬಾರದು ಎಂದು ನಾನೇ ಮಾಡಿಕೊಂಡ ಕಟ್ಟುಪಾಡು.

ಹುಡುಗಿಗೆ ಸ್ವಪ್ನಾ ಎಂದು ನಾವೇ ಹೆಸರಿಟ್ಟಿದ್ದೆವು. ಎಂಟು ತಿಂಗಳ ಹಿಂದೆ ಗೌಳಿಗುಡಾ ಬಸ್ ನಿಲ್ದಾಣದಲ್ಲಿ ಅಳುತ್ತಾ ನಿಂತಿದ್ದವಳನ್ನು ಪೊಲೀಸರು ತಂದು ಬಿಟ್ಟಿದ್ದರು. ಮಾತು ಬಹಳ ಕಡಿಮೆ. ಇಡೀ ದಿನ ಬಾಗಿಲ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ಎಬ್ಬಿಸಲು ಹೋದರೆ ಕಂಬ ತಬ್ಬಿಕೊಳ್ಳುತ್ತಿದ್ದಳು. ಬುದ್ಧಿ ಸ್ವಲ್ಪ ಮಂದ ಎಂದು ವರದಿಯಲ್ಲಿ ಸೇರಿತು. ಅದನ್ನೂ ಟೈಪ್ ಮಾಡಿದ್ದು ನಾನೇ.

ಆ ದಿನ ಅವಳನ್ನು ಕರೆದೊಯ್ಯಲು ಬಂದ ಡೆನ್ಮಾರ್ಕಿನ ಗಂಡ ಹೆಂಡತಿ ಹತ್ತು ಗಂಟೆಗೇ ಮುಂದಿನ ಕೋಣೆಯಲ್ಲಿ ಕೂತಿದ್ದರು. ಕೋರ್ಟಿನ ಆದೇಶ ಬಂದಾಗಿತ್ತು, ಪಾಸ್‌ಪೋರ್ಟ್ ನನ್ನ ಕಪಾಟಿನಲ್ಲಿತ್ತು. ಆ ಹೆಂಗಸು ಯಾರಿಂದಲೋ ಒಂದೇ ಒಂದು ಪದ ಕಲಿತು ಬಂದಿದ್ದಳು. ಹುಡುಗಿಯ ಮುಂದೆ ನೆಲದ ಮೇಲೇ ಕೂತು, ತನ್ನ ಎದೆ ಮುಟ್ಟಿ ತೋರಿಸಿ, "ಅಮ್ಮ, ಅಮ್ಮ" ಎನ್ನುತ್ತಿದ್ದಳು. ನೋಡಿ ನನ್ನ ಕಣ್ಣೂ ತುಂಬಿತು, ಸುಳ್ಳು ಯಾಕೆ ಹೇಳಲಿ.

ಆಯಾ ರಜೆ ಹಾಕಿದ್ದಳು. ಹುಡುಗಿಯ ತಲೆ ಬಾಚುವ ಕೆಲಸ ನನ್ನ ಪಾಲಿಗೆ ಬಂತು. ಒಳಗೆ ಕರೆದುಕೊಂಡು ಹೋಗಿ ಬಾಚಣಿಗೆ ಹಿಡಿದರೆ ಕೂದಲೆಲ್ಲ ಸಿಕ್ಕು. ಎಡಗಿವಿಯ ಹಿಂದೆ ತೊಗರಿಬೇಳೆಯಷ್ಟು ಒಂದು ಹಳೆಯ ಸುಟ್ಟ ಕಲೆ ಇತ್ತು, ಅಲ್ಲಿ ಬಾಚಣಿಗೆಯ ಹಲ್ಲು ತಾಗಿದಾಗೆಲ್ಲ ಅವಳು ಕೊಸರಾಡಿದಳು. ನನ್ನ ತಾಳ್ಮೆ ಮುಗಿಯಿತು. ಕಟ್ಟುಪಾಡು ಮರೆತು ಮನೆಯ ಮಾತು ಬಾಯಿಂದ ಹೊರಬಿತ್ತು.

"ಅಳಗ್ಯಾಡಬ್ಯಾಡ, ಸುಮ್ನ ಕುಂದ್ರು! ಹಿಂಗಾದ್ರ ತಲಿ ಹಿಕ್ಕೋದು ಹ್ಯಾಂಗ?"

ಹುಡುಗಿಯ ಕೊಸರಾಟ ಗಪ್ಪನೆ ನಿಂತಿತು. ನಿಧಾನವಾಗಿ ತಿರುಗಿ ನನ್ನ ಬಾಯಿಯನ್ನೇ ನೋಡಿದಳು. ಆಮೇಲೆ ಎಂಟು ತಿಂಗಳಲ್ಲಿ ನಾನು ಕೇಳದಿದ್ದಷ್ಟು ಉದ್ದನೆಯ ಮಾತು ಆಡಿದಳು.

"ಆಕಿ ನಾ ಅಮ್ಮ, ನಾ ಅಮ್ಮ ಅಂತಾಳಲ್ಲ. ಹ್ಯಾಂಗ ಅಮ್ಮ ಆಗ್ತಾಳ? ಆಕಿಗಿ ಹಲ್ಲ ಅದಾವ."

"ಹಲ್ಲ ಇದ್ರ ಏನಾತು?"

"ಅಮ್ಮಗ ಒಂದೂ ಹಲ್ಲ ಇರ್ಲಿಲ್ಲ. ಅಮ್ಮ ಸತ್ತಳು. ಮುತ್ಯಾನ ಬಾಜೂಕ ಮಣ್ಣ ಮಾಡ್ಯಾರ."

ನನ್ನ ಕೈಯಲ್ಲಿದ್ದ ಬಾಚಣಿಗೆ ಅಲ್ಲೇ ನಿಂತಿತು. ಮುತ್ಯಾ ಎಂದರೆ ನಮ್ಮ ಕಡೆ ಅಜ್ಜ. ಅಮ್ಮ ಎಂದರೆ ಎಷ್ಟೋ ಮನೆಗಳಲ್ಲಿ ಅಜ್ಜಿ. ಹಾಗಾದರೆ ಹೆತ್ತವಳು?

"ಮತ್ತ ಅವ್ವ?" ಎಂದೆ.

"ಅವ್ವ ಇಲ್ಲೇ ಕುಂದ್ರು, ನೀರ ತರ್ತೀನಿ ಅಂದ್ಳು. ನಾ ಗೊಂಬಿ ನೋಡಾಕ ಎದ್ದೆ. ಅದಕ್ಕ ಅವ್ವಗ ಸಿಟ್ಟ ಬಂದದ." ಅವಳು ಹೊರಗಿನ ಮೆಟ್ಟಿಲ ಕಡೆ ಕೈ ತೋರಿಸಿದಳು. "ಕುಂತ್ರ ಬರ್ತಾಳ."

ಮೆಟ್ಟಿಲು ಬಿಟ್ಟು ಏಳದ ಹುಡುಗಿಗೆ ಬುದ್ಧಿ ಮಂದ ಎಂದು ಬರೆದ ನನ್ನ ಕೈಗೆ ಏನು ಹೇಳಲಿ!

ಓಡಿಹೋಗಿ ಕಪಾಟು ತೆರೆದು ಫೈಲು ತೆಗೆದೆ. ಸೇರಿಸಿಕೊಂಡ ದಿನ ನಮ್ಮ ಸೂಪರಿಂಟೆಂಡೆಂಟ್ ಸೀತಾರತ್ನಂ ಹುಡುಗಿಯ ಮಾತಿನಲ್ಲಿ ತಮಗೆ ತಿಳಿದಷ್ಟನ್ನು ತೆಲುಗಿನಲ್ಲಿ ಬರೆದ ಎರಡು ಸಾಲು ಅಲ್ಲಿದ್ದವು. ಅಮ್ಮ ಸತ್ತಿದ್ದಾಳಂತೆ. ಅವ್ವ ಇದ್ದಾಳಂತೆ, ಬರುತ್ತಾಳಂತೆ. ಅದರ ಕೆಳಗೆ ನನ್ನ ಇಂಗ್ಲಿಷು: ತಾಯಿ ಮೃತಳು, ವೃದ್ಧ ಅಜ್ಜಿ ಇರಬಹುದು, ಪತ್ತೆಯಿಲ್ಲ. ಸೀತಾರತ್ನಂ ಗುಂಟೂರಿನವರು. ಅವರ ಮಾತಿನಲ್ಲಿ ಅವ್ವ ಅಂದರೆ ಮುದುಕಿ. ಅವರು ಕೇಳಿದ್ದನ್ನು ಬರೆದರು, ತಪ್ಪಿಲ್ಲ. ಆದರೆ ನಾನು? ದಿನಾ ಬೆಳಿಗ್ಗೆ "ಅವ್ವಾ, ಬರ್ತೀನಿ" ಎಂದು ಹೆತ್ತ ತಾಯಿಗೆ ಹೇಳಿ ಮನೆ ಬಿಡುವವಳು, ಅದೇ ಪದವನ್ನು ಮೇಜಿನ ಮೇಲೆ ನೋಡಿ ಅಜ್ಜಿ ಎಂದು ಟೈಪ್ ಮಾಡಿದ್ದೆ. ಮಗು ಕನ್ನಡದ್ದಿರಬಹುದು ಎಂದು ಒಂದು ಕ್ಷಣ ಹೊಳೆಯಲಿಲ್ಲ. ಒಮ್ಮೆ ಕಾಗದಕ್ಕೆ ಇಳಿದ ಮೇಲೆ ಯಾರೂ ಮತ್ತೆ ಕೇಳಲಿಲ್ಲ.

ಸೀತಾರತ್ನಂ ಅವರ ಮುಂದೆ ನಿಂತು ತೆಲುಗಿನಲ್ಲಿ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. ಕೆಟ್ಟವರಲ್ಲ ಅವರು, ಜ್ವರ ಬಂದ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕಡತ ನೋಡುತ್ತಿದ್ದವರು.

"ಗೋದಾವರಿಗಾರು, ಹೋಗುವ ದಿನ ಎಲ್ಲ ಮಕ್ಕಳೂ ಹೀಗೇ ಏನಾದರೂ ಹೇಳುತ್ತವೆ. ಪತ್ರಿಕೆಯಲ್ಲಿ ಫೋಟೋ ಹಾಕಿಸಿದೆವು. ಯಾರೂ ಬರಲಿಲ್ಲ. ಇವರು ನಾಲ್ಕು ವರ್ಷದಿಂದ ಕಾದಿದ್ದಾರೆ. ಕೋರ್ಟಿಗೆ ನಾನು ಏನು ಹೇಳಲಿ, ಒಂದು ಪದದ ಅರ್ಥ ಬೇರೆಯಂತೆ ಎಂದೇ?"

"ತೆಲುಗು ಪತ್ರಿಕೆಯಲ್ಲಿ ಹಾಕಿಸಿದೆವು ಮೇಡಂ. ಅವಳ ಊರಿನವರು ಅದನ್ನು ಓದುವುದಿಲ್ಲ."

"ಹಾಗಾದರೆ ಸಾಕ್ಷಿ ತನ್ನಿ. ಎರಡು ಗಂಟೆಯವರೆಗೆ ಸಮಯವಿದೆ. ಆಮೇಲೆ ಮಗು ಹೋಗುತ್ತದೆ."

ಗಡಿಯಾರದಲ್ಲಿ ಹನ್ನೊಂದೂವರೆ. ಹುಡುಗಿಯನ್ನು ಮತ್ತೆ ಕೇಳಿದೆ. ಊರು ಯಾವುದು? "ನಮ್ಮೂರು." ಅವ್ವನ ಹೆಸರು? "ಅವ್ವ." ತಲೆ ಕೆಟ್ಟುಹೋಯಿತು. ಬಸ್ಸು ಯಾವುದು ಎಂದಾಗ ಮಾತ್ರ ಕಣ್ಣರಳಿಸಿದಳು.

"ಬಂಡೆಪ್ಪ ಕಾಕಾನ ಬಸ್ಸು. ಕಾಕಾ ನನಗ ಪೇಂ ಪೇಂ ಒತ್ತಾಕ ಕೊಡ್ತಾನ."

ಗೌಳಿಗುಡಾದಲ್ಲಿ ಕರ್ನಾಟಕದ ಬಸ್ಸುಗಳ ವಿಚಾರಣೆ ಕಿಟಕಿಗೆ ಫೋನು ಹಚ್ಚಿದೆ. ಐದು ಸಲ ಎಂಗೇಜ್. ಆರನೆಯ ಸಲ ಎತ್ತಿದವನು ಆಕಳಿಸುತ್ತಾ ಹೇಳಿದ, "ಡ್ರೈವರ್ ಬಂಡೆಪ್ಪನಾ? ಬೀದರ ಗಾಡಿರಿ. ಹನ್ನೆರಡೂವರಿಗಿ ಬರ್ತದ, ಒಂದಕ್ಕ ವಾಪಸ್ ಹೋಗ್ತದ."

ಫೈಲಿನಿಂದ ಹುಡುಗಿಯ ಒಂದು ಫೋಟೋ ಕಿತ್ತುಕೊಂಡೆ. ಪಾಸ್‌ಪೋರ್ಟ್, ಆದೇಶ ಎಲ್ಲವನ್ನೂ ಕಪಾಟಿನಲ್ಲಿಟ್ಟು ಬೀಗ ಹಾಕಿ ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಕೆಲಸ ಹೋದರೆ ಹೋಗಲಿ ಎಂದು ಆಟೋ ಹತ್ತಿದೆ. ಅಮೀರ್‌ಪೇಟೆಯಲ್ಲಿ ಗಾಡಿಗಳು ಅಲುಗಾಡಲಿಲ್ಲ. ಅಬಿಡ್ಸ್‌ನಲ್ಲಿ ಮೆರವಣಿಗೆ. ಆಟೋದವನು ಬೀಡಿ ಹಚ್ಚಲು ನಿಲ್ಲಿಸಿದಾಗ ಅವನಿಗೆ ನಾನು ಉರ್ದುವಿನಲ್ಲಿ ಬೈದದ್ದನ್ನು ಇಲ್ಲಿ ಬರೆಯಲಾರೆ.

ಗೌಳಿಗುಡಾದ ತಗಡಿನ ಕಮಾನಿನಡಿ ಇಳಿದಾಗ ಒಂದಕ್ಕೆ ಹತ್ತು ನಿಮಿಷವಿತ್ತು. ಬೀದರ್ ಬಸ್ಸಿನ ಇಂಜಿನ್ ಆಗಲೇ ಗುರುಗುಡುತ್ತಿತ್ತು. ಡ್ರೈವರ್ ಕಿಟಕಿಗೆ ಕೈಯೆತ್ತಿ ಫೋಟೋ ಹಿಡಿದೆ. ಬಂಡೆಪ್ಪ ಎಂಬ ಆ ದಪ್ಪ ಮೀಸೆಯ ಮನುಷ್ಯ ಬಗ್ಗಿ ನೋಡಿದ. ಇಂಜಿನ್ ಆರಿಸಿದ.

"ಇಕಿ ಮಹಾನಂದಾ ಅಲ್ಲೇನ್ರಿ! ನಮ್ಮ ಸುಂದರಾಬಾಯಿ ಮಗಳು! ಎಲ್ಲದಾಳ್ರಿ? ಜೀವಂತ ಅದಾಳಿಲ್ಲೋ?"

"ಅದಾಳ. ಸುಂದರಾಬಾಯಿ ಎಲ್ಲದಾಳ?"

"ಊರಾಗ ಅದಾಳ್ರಿ. ವಾರಕ್ಕೊಮ್ಮಿ ನನ್ನ ಗಾಡಿಗೇ ಬರ್ತಾಳ. ಆ ನಾಕನೇ ಪ್ಲಾಟ್‌ಫಾರಂ ಕಟ್ಟಿ ಮ್ಯಾಲೆ ಸಂಜೀತನಕ ಕುಂದರ್ತಾಳ, ಹೊಳ್ಳಿ ಹೋಗ್ತಾಳ. ಪೊಲೀಸ್ರಿಗಿ ಹೇಳಿದ್ರ ಆಕಿ ಮಾತು ಅವ್ರಿಗಿ ತಿಳೀಲಿಲ್ಲ, ಅವ್ರ ಮಾತು ಆಕಿಗಿ ತಿಳೀಲಿಲ್ಲ. ಹುಡುಕಿ ಹುಡುಕಿ ಹುಚ್ಚಿ ಆಗ್ಲಾಕತ್ತಾಳ್ರಿ. ಅಕಾ ನೋಡ್ರಿ."

ಅವನು ತೋರಿಸಿದ್ದು ತನ್ನ ಸೀಟಿನ ಹಿಂದಿನ ತಗಡನ್ನು. ಅಲ್ಲಿ ಅಂಟಿಸಿದ್ದ ಒಂದು ಕಾಗದ ಬಿಸಿಲಿಗೆ ಹಳದಿಯಾಗಿತ್ತು. ಶಾಲೆಯ ಮಾಸ್ತರು ಬರೆದುಕೊಟ್ಟ ದುಂಡು ಕನ್ನಡ ಅಕ್ಷರ. 'ಮಗು ಕಳೆದಿದೆ. ಹೆಸರು ಮಹಾನಂದಾ. ಎಡಕಿವಿ ಹಿಂದೆ ಸುಟ್ಟ ಕಲೆ. ತಾಯಿ ಸುಂದರಾಬಾಯಿ.' ಕೆಳಗೆ ಊರು, ತಾಲ್ಲೂಕು, ಹೆಬ್ಬೆಟ್ಟು. ಎಂಟು ತಿಂಗಳು ಈ ಕಾಗದ ದಿನಾ ಗಡಿ ದಾಟಿ ಹೈದರಾಬಾದಿಗೆ ಬಂದು ಹೋಗಿತ್ತು. ನಮ್ಮ ಪತ್ರಿಕೆ ಗಡಿಯ ಆಚೆ ಹೋಗಲಿಲ್ಲ, ಈ ಕಾಗದ ಬಸ್ಸಿನಿಂದ ಇಳಿಯಲಿಲ್ಲ. ನನಗೆ ಅಲ್ಲೇ ಅಳು ಬಂತು.

ಬಂಡೆಪ್ಪನಿಗೆ ವಿಷಯವೆಲ್ಲ ಹೇಳಿ ನಮ್ಮ ವಿಳಾಸ ಕೊಟ್ಟೆ. ಅವನು ಬಾಟಲಿಯ ನೀರು ಹಚ್ಚಿ, ಹರಿಯದಂತೆ ಕಾಗದ ಬಿಡಿಸಿಕೊಟ್ಟ. "ನಾಳಿ ಇದೇ ಹೊತ್ತಿಗಿ ಆಕೀನ ಕರ್ಕೊಂಡು ಬರ್ತೀನ್ರಿ. ಕೂಸಿನ್ನ ಎಲ್ಲೂ ಕಳಿಸಬ್ಯಾಡ್ರಿ, ನಿಮ್ಮ ಕಾಲ ಬೀಳ್ತೀನಿ."

ವಾಪಸು ಬಂದಾಗ ಎರಡು ಗಂಟೆಗೆ ಐದು ನಿಮಿಷವಿತ್ತು. ಕಾರು ಬಾಗಿಲಿಗೆ ಬಂದು ನಿಂತಿತ್ತು. ಹುಡುಗಿ ಹೊಸ ಫ್ರಾಕು, ಹೊಸ ಬೂಟು ಹಾಕಿಕೊಂಡು ಮೆಟ್ಟಿಲ ಕಂಬ ಹಿಡಿದು ಕೂತಿದ್ದಳು. ಬಡಗಿಯನ್ನು ಕರೆಸಿ ಕಪಾಟು ಒಡೆಸಲು ಸೀತಾರತ್ನಂ ಹೊರಟಿದ್ದರು. ನನ್ನನ್ನು ಕಂಡದ್ದೇ ಅವರ ಮುಖ ಕೆಂಪೇರಿತು.

"ಕೀಲಿಕೈ ಕೊಡಿ."

ನಾನು ಕಾಗದ ಕೊಟ್ಟೆ. ಓದಲು ಬಾಯಿ ತೆರೆದೆ. ಅವರು ಕೈಯೆತ್ತಿ ತಡೆದರು.

"ನೀವು ಅರ್ಥ ಹೇಳಬೇಡಿ. ಹೋದ ಸಲವೂ ಅರ್ಥ ಹೇಳಿದ್ದು ನೀವೇ."

ಕೆನ್ನೆಗೆ ಬಾರಿಸಿದ ಹಾಗಾಯಿತು. ಅವರು ಕನ್ನಡಕ ಸರಿಮಾಡಿಕೊಂಡು ಕಾಗದವನ್ನು ಬೆಳಕಿಗೆ ಹಿಡಿದರು. ಕನ್ನಡದ ಅಕ್ಷರ ತೆಲುಗಿನವರಿಗೆ ಅಷ್ಟೇನೂ ಪರಕೀಯವಲ್ಲ, ಓದುವ ಮನಸ್ಸು ಬೇಕು ಅಷ್ಟೇ. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿದರು.

"ಎ... ಡ... ಕಿ... ವಿ." ತಲೆ ಎತ್ತಿದರು. "ಕಿವಿ ಅಂದರೆ ಚೆವಿಯೇ?"

ನಾನು ತಲೆಯಾಡಿಸಿದೆ. ಡೆನ್ಮಾರ್ಕಿನ ಗಂಡಸು ಕೈಗಡಿಯಾರ ನೋಡಿಕೊಂಡ. ಸೀತಾರತ್ನಂ ಮೆಟ್ಟಿಲಿಳಿದು ಹುಡುಗಿಯ ಪಕ್ಕ ಕೂತರು. ಬೆಳಿಗ್ಗೆ ನಾನೇ ಹೆಣೆದಿದ್ದ ಎಡಜಡೆಯನ್ನು ಎತ್ತಿ ಕಿವಿಯ ಹಿಂದೆ ನೋಡಿದರು. ಜಡೆಯನ್ನು ಮೆಲ್ಲಗೆ ಬಿಟ್ಟು, ಆ ದಂಪತಿಗೆ ಇಂಗ್ಲಿಷಿನಲ್ಲಿ ಹೇಳಿದರು, ಈ ಮಗುವಿಗೆ ತಾಯಿ ಇದ್ದಾಳೆ ಎಂದು.

ಆ ಹೆಂಗಸು ಮೊದಲು ನಂಬಲಿಲ್ಲ. ತಪ್ಪು ನನ್ನದು, ಟೈಪ್ ಮಾಡಿದವಳು ನಾನು ಎಂದು ನಾನೇ ಮುಂದೆ ಬಂದು ಹೇಳಿದೆ. ಬೈದರೆ ಬೈಸಿಕೊಳ್ಳಲು ತಯಾರಾಗಿದ್ದೆ. ಅವಳು ಬೈಯಲಿಲ್ಲ. ಹುಡುಗಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಸಡಿಲವಾಗಿದ್ದ ಬೂಟಿನ ಲೇಸನ್ನು ಗಟ್ಟಿಯಾಗಿ ಕಟ್ಟಿ, ಎದ್ದು ಕಾರಿನಲ್ಲಿ ಕೂತಳು. ಅವಳ ನಾಲ್ಕು ವರ್ಷವನ್ನು ನಾನು ಒಂದು ಪದದಿಂದ ಹಾಳು ಮಾಡಿದ್ದೆ. ಆ ಸಂಕಟ ಇವತ್ತಿಗೂ ಹೋಗಿಲ್ಲ.

ಸಂಜೆ ಸೀತಾರತ್ನಂ ಕೋರ್ಟಿಗೆ ಪತ್ರ ಹೇಳಿ ಬರೆಸಿದರು. ಆದೇಶ ರದ್ದು ಮಾಡಬೇಕು, ನಮ್ಮ ವಿಚಾರಣೆಯಲ್ಲಿ ತಪ್ಪಾಗಿದೆ. 'ನಮ್ಮ' ಎಂದೇ ಹೇಳಿದರು.

ಮರುದಿನ ಹನ್ನೆರಡೂವರೆಯಿಂದ ನಾವಿಬ್ಬರೂ ಬಾಗಿಲಲ್ಲೇ ನಿಂತಿದ್ದೆವು. ಒಂದಾಯಿತು, ಎರಡಾಯಿತು. ಬಂಡೆಪ್ಪ ಹೇಳಿದ್ದು ಬೇರೆ ಮಗುವಿನ ವಿಷಯವೇನೋ, ಆ ಕಲೆ ಎಷ್ಟು ಮಕ್ಕಳಿಗಿಲ್ಲ ಎಂದು ನನಗೆ ಅನುಮಾನ ಶುರುವಾಯಿತು. ಆಗ ಗೇಟಿನ ಹತ್ತಿರ ಆಟೋ ನಿಂತಿತು. ವಾಪಸ್ ಗಾಡಿಯನ್ನು ಬೇರೆ ಡ್ರೈವರಿಗೆ ಒಪ್ಪಿಸಿ ಬಂದಿದ್ದ ಬಂಡೆಪ್ಪನ ಹಿಂದೆ ಒಬ್ಬ ತೆಳ್ಳಗಿನ ಹೆಂಗಸು ಇಳಿದಳು. ಇಪ್ಪತ್ತೈದೂ ಇರಲಿಕ್ಕಿಲ್ಲ. ನಾನು ಟೈಪ್ ಮಾಡಿದ ವೃದ್ಧೆ ಇವಳು.

ಸುಂದರಾಬಾಯಿ ಗೇಟಿನಲ್ಲೇ ನಿಂತುಬಿಟ್ಟಳು. ಮೆಟ್ಟಿಲ ಮೇಲಿನ ಹುಡುಗಿಯೂ ಏಳಲಿಲ್ಲ. ಎರಡೂ ಕೈಯಿಂದ ಕಂಬವನ್ನು ಇನ್ನೂ ಬಿಗಿಯಾಗಿ ತಬ್ಬಿಕೊಂಡು ಅಲ್ಲಿಂದಲೇ ಕೂಗಿದಳು.

"ಅವ್ವಾ, ಆವತ್ತ ಎದ್ದೆ. ಮತ್ತ ಎದ್ದಿಲ್ಲ ನೋಡು."

ತಾಯಿ ಕಿರುಚಿಕೊಂಡು ಓಡಿಬಂದಳು. ಮಗಳ ಕೈಯನ್ನು ಕಂಬದಿಂದ ಬಿಡಿಸಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಸೀತಾರತ್ನಂ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾ ನನ್ನತ್ತ ತಿರುಗಿದರು. "ಏನಂದಳು ಮಗು? ನೀವೇ ಹೇಳಿ."

ಈ ಸಲ ನಾನು ಆತುರ ಮಾಡಲಿಲ್ಲ. ಅವ್ವ ಎಂಬ ಪದದಿಂದ ಶುರುಮಾಡಿ ಒಂದೊಂದನ್ನೇ ಬಿಡಿಸಿ ಹೇಳಿದೆ.