ಏಳನೇ ಪೋರ್ಟು

ಸ್ವಿಚ್ಚಿನ ಏಳನೇ ಪೋರ್ಟನ್ನು ಆಟೋ ಸೆಟ್ಟಿಂಗಿನಿಂದ ತೆಗೆದು ಫುಲ್ ಡ್ಯುಪ್ಲೆಕ್ಸಿಗೆ ಕಟ್ಟಿಹಾಕಿದ್ದು ತಾನೇ ಅಲ್ಲವೇ? ಶುಕ್ರವಾರ, ಊಟಕ್ಕೆ ಹೋಗುವ ಮೊದಲು? ಅಥವಾ ಅದು ಎಂಟನೆಯದೋ? ಶೋಭಿತ್ ಲ್ಯಾಪ್‌ಟಾಪ್ ತೆರೆಯಲಿಲ್ಲ. ತೆರೆದರೆ ಗೊತ್ತಾಗಿಬಿಡುತ್ತಿತ್ತು.

ಅತ್ತಾವರದ ಆ ಸ್ಕ್ಯಾನಿಂಗ್ ಸೆಂಟರಿನಲ್ಲಿ ಎಲ್ಲ ಯಂತ್ರಗಳ ಕೇಬಲು ಬಂದು ಸೇರುವ ಹೊಸ ನೆಟ್‌ವರ್ಕ್ ಸ್ವಿಚ್ ಕೂರಿಸಿದವನು ಅವನು. ಕೇಬಲ್ ಎಳೆದವನು ಮುಖೇಶ್. ಅಂದಿನಿಂದ ಹಳೆಯ ಎಕ್ಸ್‌ರೇ ಯಂತ್ರದ ಚಿತ್ರಗಳು ಡಾಕ್ಟರ ಕಂಪ್ಯೂಟರಿಗೆ ಪೂರ್ತಿ ತಲುಪದೆ ಅರ್ಧದಲ್ಲೇ ನಿಲ್ಲುತ್ತಿದ್ದವು. ಕೇಬಲ್ ಸರಿ ಇಲ್ಲ ಎಂದು ಶೋಭಿತ್ ಬೆಳಿಗ್ಗೆಯೇ ಹೇಳಿಯಾಗಿತ್ತು.

“ನನ್ನ ಕೇಬಲಿಗೆ ಎಂತ ಆಗಿದೆ?” ಮುಖೇಶ್ ಏಣಿಯ ಮೇಲಿಂದ ಕೂಗಿದ. “ಟೆಸ್ಟರ್ ಹಾಕಿ ತೋರಿಸಿದ್ದೇನೆ. ಹಸಿರು ಲೈಟ್ ಉರೀತಾ ಉಂಟು. ನಿನ್ನ ಡಬ್ಬ ನೋಡು ಮಾರಾಯ.”

“ಲೈಟ್ ಉರಿದ್ರೆ ಆಯ್ತಾ? ಇದೆಂತ ಮದುವೆ ಹಾಲಾ?”

“ಹೌದೌದು. ಇಂಜಿನಿಯರ್ ಅಲ್ವಾ, ಬಾಯಲ್ಲೇ ರಿಪೇರಿ.”

ಮಾಲಕ ಚಿತ್ತರಂಜನ ಶೆಟ್ಟರು ಒಳಗಿನಿಂದ ಬಂದರು. “ಮುಖೇಶ್, ಈಗಲೇ ಬೇರೆ ಕೇಬಲ್ ಎಳಿ. ಹೊಸತರಲ್ಲಿ ಫೋಟೋ ಬಂತೋ, ತಪ್ಪು ನಿನ್ನದೇ. ಮತ್ತೆ ಕೊಟ್ಟಾರದ ಬ್ರಾಂಚಿನ ಕೆಲಸ ನಿನಗಿಲ್ಲ.”

“ಬರದಿದ್ರೆ ಶೆಟ್ರೇ?”

“ಬರದಿದ್ರೆ ಇವನಿಗಿಲ್ಲ.”

ಮುಖೇಶ್ ಫಾಲ್ಸ್ ಸೀಲಿಂಗಿನ ಹಲಗೆ ಕಿತ್ತ. ಅವನ ತಲೆ ಅದರೊಳಗೆ ಮರೆಯಾದ ಮೇಲೆ ಶೋಭಿತ್ ಲ್ಯಾಪ್‌ಟಾಪ್ ತೆರೆದ.

ಏಳನೆಯದೇ. ಎಕ್ಸ್‌ರೇ ಯಂತ್ರದ್ದೇ. ಸ್ವಿಚ್ ಮಾತಾಡುತ್ತಲೇ ಕೇಳಿಸಿಕೊಳ್ಳುತ್ತಿತ್ತು. ಯಂತ್ರವೋ, ಎದುರಿನವರು ನಿಲ್ಲಿಸಿದ ಮೇಲಷ್ಟೇ ಬಾಯಿ ತೆರೆಯುತ್ತಿತ್ತು. ಎರಡರಲ್ಲೂ ದೋಷವಿರಲಿಲ್ಲ. ಒಪ್ಪಂದವಿರಲಿಲ್ಲ, ಅಷ್ಟೇ. ಮತ್ತೆ ಆಟೋ ಎಂದು ಒತ್ತಿದರೆ ಎರಡೂ ತಾವೇ ಹೊಂದಿಕೊಳ್ಳುತ್ತವೆ, ಮುಗಿಯಿತು. ಆದರೆ ಈಗಲೇ ಒತ್ತಿದರೆ ಹಳೆಯ ಕೇಬಲಿನಲ್ಲೇ ಚಿತ್ರ ಬಂದುಬಿಡುತ್ತದೆ.

ಅವನು ಕಾದ.

ಮೇಲೆ ಮುಖೇಶ್ ಧೂಳಿಗೆ ಕೆಮ್ಮುತ್ತಿದ್ದ. ಮುಕ್ಕಾಲು ಗಂಟೆ ಹಿಡಿಯಿತು. ಹಳೆಯ ಕೇಬಲ್ ಸೀಲಿಂಗಿನಿಂದ ಸರಸರನೆ ಕೆಳಗೆ ಬಿತ್ತು. ಹೊಸತರ ತುದಿ ಪೋರ್ಟಿನೊಳಗೆ ಟಕ್ಕೆಂದು ಕೂತಾಗ ಶೋಭಿತ್ ಆಟೋ ಒತ್ತಿ ಲ್ಯಾಪ್‌ಟಾಪ್ ಮುಚ್ಚಿದ.

“ಬಂತು!” ಒಳಗಿನಿಂದ ಡಾಕ್ಟರ್ ಡ್ಯಾಫ್ನಿ ಕೂಗಿದರು. “ಪೂರ್ತಿ ಬಂತು!”

ಶೆಟ್ಟರು ಮುಖೇಶನ ಮುಖ ನೋಡಲಿಲ್ಲ. “ಕೊಟ್ಟಾರಕ್ಕೆ ಬೇರೆಯವರನ್ನು ನೋಡ್ತೇನೆ,” ಎಂದು ಒಳಗೆ ಹೋದರು.

ಮುಖೇಶ್ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಹಳೆಯ ಕೇಬಲನ್ನು ಸುತ್ತತೊಡಗಿದ. ಅಂಗಿಯ ತುಂಬ ಬಿಳಿ ಧೂಳು. ಬೈಯುತ್ತಾನೆಂದು ಶೋಭಿತ್ ಕಾದ. ಬೈದಿದ್ದರೆ ಒಳ್ಳೆಯದಿತ್ತು.

“ಮನೆಗೆ ಕೊಂಡುಹೋಗ್ತೇನೆ,” ಎಂದ ಮುಖೇಶ್, ತನಗೇ ಎಂಬಂತೆ. “ಎಲ್ಲಿ ಹಾಳಾಗಿದೆ ಅಂತ ನೋಡ್ಬೇಕು.”

ಎಲ್ಲಿಯೂ ಹಾಳಾಗದ ಆ ಕೇಬಲಿನ ಬಿಡಿ ತುದಿಯನ್ನು ಶೋಭಿತ್ ಎತ್ತಿ ಅವನ ಕೈಗೆ ಕೊಟ್ಟ.